ಎಕ್ಸೆಲ್‌ಗೇ ಮುಗಿದುಹೋಗೋ ಅಂಗಡೀಲಿ ನನ್ನ ಅಳತೆ ಬಟ್ಟೆ ಹುಡುಕೋದು ಹೇಗೆ?

ಪ್ರಶ್ನೆ: ನನ್ನ ಎದೆ ಸುತ್ತಳತೆ 46 ಇಂಚು, ಸೊಂಟ 42, ಹಿಪ್ 50. ನಾನು ಹೋಗೋ ಅಂಗಡಿಗಳಲ್ಲಿ ಹೆಂಗಸರ ಬಟ್ಟೆ ಎಕ್ಸೆಲ್‌ಗೆ ನಿಂತುಬಿಡುತ್ತೆ. ಅಪರೂಪಕ್ಕೆ ಡಬಲ್ ಎಕ್ಸೆಲ್ ಸಿಕ್ಕಿದ್ರೂ ಭುಜ ಜೋತು ಬೀಳುತ್ತೆ, ಆದ್ರೆ ಎದೆ ಹತ್ರ ಗುಂಡಿ ಹಾಕೋಕೆ ಆಗಲ್ಲ, ತೋಳು ಬಿಗಿಯಾಗಿ ಹಿಡ್ಕೊಳುತ್ತೆ. ಮುಂದಿನ ತಿಂಗಳು ಹೊಸ ಕೆಲಸಕ್ಕೆ ಸೇರ್ತಿದೀನಿ, ಆಫೀಸಿಗೆ ಹಾಕೋ ಥರ ಒಂದಿಷ್ಟು ಶರ್ಟು ಪ್ಯಾಂಟು ಬೇಕು. ಆನ್‌ಲೈನಲ್ಲಿ ತರಿಸಿ ವಾಪಸ್ ಕಳಿಸಿ ಸಾಕಾಗಿದೆ. ಸಣ್ಣ ಆಗೋವರೆಗೂ ಕಾಯೋದೊಂದೇ ದಾರಿನಾ?

ಉತ್ತರ: ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ. ಕಾಯ್ಬೇಡಿ. ಮುಂದಿನ ತಿಂಗಳು ಕೆಲಸಕ್ಕೆ ಹೋಗೋದು ಈಗಿರೋ ಮೈಯಲ್ಲೇ, ಹಾಗಾಗಿ ಬಟ್ಟೆ ಬೇಕಿರೋದೂ ಈಗಿರೋ ಮೈಗೇ. ಬಿಗಿ ಬಟ್ಟೆ ಹಾಕ್ಕೊಂಡು ದಿನವಿಡೀ ಕೆಳಗೆ ಎಳ್ಕೊಳೋದು, ಗುಂಡಿ ಬಿಚ್ಚಿದ್ಯಾ ಅಂತ ನೋಡ್ಕೊಳೋದು, ಕೈ ಎತ್ತೋಕೆ ಹಿಂಜರಿಯೋದು, ಹೊಸ ಜಾಗದಲ್ಲಿ ಹೊಸ ಜನರ ಮಧ್ಯೆ ಇದೊಂದು ಹಿಂಸೆ ಯಾಕೆ ಬೇಕು ಹೇಳಿ. ಪ್ಯಾಟರ್ನ್ ಕಟಿಂಗು, ಅಂದ್ರೆ ಬಟ್ಟೆ ಕತ್ತರಿಸೋಕೆ ಬೇಕಾದ ನಕ್ಷೆ ಮಾಡೋದು, ಆಮೇಲೆ ಆಲ್ಟರೇಷನ್ನು ನನ್ನ ಕಸುಬು, ಅದ್ರಲ್ಲೂ ದೊಡ್ಡ ಸೈಜಿನ ಬಟ್ಟೆಗಳ ಮೇಲೇ ಜಾಸ್ತಿ ಕೆಲಸ ಮಾಡಿರೋದು, ಹಾಗಾಗಿ ಇದನ್ನ ಸಮಾಧಾನ ಮಾಡೋಕೆ ಹೇಳ್ತಿಲ್ಲ, ನಿಮ್ಮ ಅಳತೆಗೆ ಬಟ್ಟೆ ಹೊಂದಿಸೋದು ನಿಜವಾಗ್ಲೂ ಸಾಧ್ಯ ಅಂತ ಗೊತ್ತಿದ್ದೇ ಹೇಳ್ತಿದೀನಿ.

ನೀವು ಬರೆದಿರೋದ್ರಲ್ಲಿ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು, "ಭುಜ ಜೋತು ಬೀಳುತ್ತೆ, ಆದ್ರೆ ಎದೆ ಹತ್ರ ಗುಂಡಿ ಹಾಕೋಕೆ ಆಗಲ್ಲ" ಅಂದ್ರಲ್ಲ ಅದು. ಇದು ನಿಮ್ಮ ಮೈಯಿನ ದೋಷ ಅಲ್ಲವೇ ಅಲ್ಲ, ಆ ಬಟ್ಟೆ ತಯಾರಾಗಿರೋ ರೀತಿ ಹಾಗಿದೆ. ಕಂಪನಿಯವರು ಒಂದೊಂದು ಸೈಜಿಗೂ ಹೊಸದಾಗಿ ಕಟಿಂಗ್ ಮಾಡಲ್ಲ. ಒಂದು ಮಧ್ಯದ ಸೈಜ್ ಇಟ್ಕೋತಾರೆ, ಹೆಚ್ಚಾಗಿ ಸ್ಮಾಲ್ ಅಥವಾ ಮೀಡಿಯಂ, ಅದನ್ನ ಒಬ್ಬ ಫಿಟ್ ಮಾಡೆಲ್ ಮೇಲೆ ಹಾಕಿ ಸರಿಮಾಡ್ತಾರೆ, ಆಮೇಲೆ ಅದೇ ಪ್ಯಾಟರ್ನನ್ನ ಲೆಕ್ಕದ ಪ್ರಕಾರ ಹಿಗ್ಗಿಸ್ತಾ ಕುಗ್ಗಿಸ್ತಾ ಹೋಗ್ತಾರೆ, ಇದಕ್ಕೆ ಗ್ರೇಡಿಂಗ್ ಅಂತಾರೆ. ಸೈಜ್ ಒಂದೊಂದು ಏರಿದ ಹಾಗೂ ಎದೆ ಸುತ್ತ ಇಷ್ಟು, ಭುಜಕ್ಕೆ ಇಷ್ಟು, ಕತ್ತಿಗೆ ಇಷ್ಟು ಅಂತ ಸೇರಿಸ್ತಾರೆ. ಆ ಕಡೆ ಎರಡು ಈ ಕಡೆ ಎರಡು ಸೈಜ್ ತನಕ ಇದು ಚೆನ್ನಾಗೇ ನಡೆಯುತ್ತೆ, ಅದಕ್ಕಿಂತ ಮುಂದೆ ಹೋದ್ರೆ ಕೆಡೋಕೆ ಶುರುವಾಗುತ್ತೆ, ಯಾಕಂದ್ರೆ ಮೈ ತುಂಬ್ಕೊಂಡಾಗ ಭುಜದ ಮೂಳೆ ಅದೇ ಪ್ರಮಾಣದಲ್ಲಿ ಅಗಲ ಆಗಲ್ಲ, ಕತ್ತೂ ಅಷ್ಟು ದಪ್ಪ ಆಗಲ್ಲ, ತೋಳಿನ ಮೇಲ್ಭಾಗ ಎದೆ ಹೊಟ್ಟೆ ಹಿಪ್ ಮಾತ್ರ ಲೆಕ್ಕ ಮೀರಿ ಬೆಳೆಯುತ್ತೆ. ಅದಕ್ಕೇ ಕತ್ತು ಕಿಸಿಯೋದು, ಭುಜ ಇಳಿಯೋದು, ತೋಳು ಹಿಡಿಯೋದು ಮೂರೂ ಒಂದೇ ಶರ್ಟಲ್ಲಿ ಆಗೋದು. ಒಳ್ಳೆ ಪ್ಲಸ್ ಸೈಜ್ ತಯಾರಕರು ದೊಡ್ಡ ಸೈಜಿಗೆ ಬೇರೆಯದೇ ಬೇಸ್ ಪ್ಯಾಟರ್ನ್ ಮಾಡ್ಕೋತಾರೆ, ಬೇರೆ ಮಾಡೆಲ್ ಮೇಲೆ ಹಾಕಿ ನೋಡ್ತಾರೆ. ಲೇಬಲ್ ಮೇಲೆ ಒನ್ ಎಕ್ಸ್, ಟೂ ಎಕ್ಸ್ ಅಂತಲೋ, ನಂಬರ್ ಪಕ್ಕ ಡಬ್ಲ್ಯೂ ಅಂತಲೋ ಇದ್ರೆ ಸಾಮಾನ್ಯವಾಗಿ ಅದು ಈ ಬೇರೆ ಕಟಿಂಗಿನದ್ದು, ಎಕ್ಸೆಲ್ ಡಬಲ್ ಎಕ್ಸೆಲ್ ಅಂತಿದ್ರೆ ಮೀಡಿಯಮ್ಮನ್ನೇ ಹಿಗ್ಗಿಸಿರೋದು. ಎಲ್ಲಾ ಬ್ರ್ಯಾಂಡೂ ಇದನ್ನ ಪಾಲಿಸಲ್ಲ, ಆದ್ರೂ ಕಣ್ಣಿಗೆ ಬಿದ್ರೆ ಅದನ್ನ ಮೊದ್ಲು ಎತ್ಕೊಳಿ.

ಸೈಜ್ ನಂಬರ್‌ಗೆ ಅಷ್ಟೊಂದು ಬೆಲೆ ಕೊಡಬೇಡಿ ಅಂತ ನಾನು ಪದೇಪದೇ ಹೇಳೋಕೆ ಇನ್ನೊಂದು ಕಾರಣ ಇದೆ. ಅಮೆರಿಕದಲ್ಲಿ 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆಯವರು ಹೆಚ್ಚುಕಮ್ಮಿ 15,000 ಹೆಂಗಸರ ಮೈ ಅಳತೆ ತಗೊಂಡ್ರು, ಆ ವರದಿ 1941ರಲ್ಲಿ ಬಂತು, ಅದನ್ನ ಆಧಾರ ಮಾಡ್ಕೊಂಡು 1958ರಲ್ಲಿ ಒಂದು ಸರ್ಕಾರಿ ಸೈಜ್ ಸ್ಟ್ಯಾಂಡರ್ಡ್ ಬಂತು. ಅದನ್ನ ಪಾಲಿಸಲೇಬೇಕು ಅಂತ ಇರಲಿಲ್ಲ, ಕಂಪನಿಗಳು ನಿಧಾನಕ್ಕೆ ತಮ್ಮ ತಮ್ಮ ಅಳತೆ ಹಿಡಿದ್ವು, ಕೊನೆಗೆ 1983ರಲ್ಲಿ ಸರ್ಕಾರ ಅದನ್ನ ವಾಪಸ್ ತಗೊಂಡುಬಿಡ್ತು. ಯುರೋಪಿನಲ್ಲಿ ಇಎನ್ 13402 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಅದು ಮೈ ಅಳತೇನ ಸೆಂಟಿಮೀಟರಲ್ಲಿ ಲೇಬಲ್ ಮೇಲೆ ಚಿತ್ರದ ಸಮೇತ ಹಾಕಿ ಅನ್ನುತ್ತೆ, ನಿಮಗೆ ಅಂಥ ಲೇಬಲ್ ಸಿಕ್ಕಿದ್ರೆ ಅದೃಷ್ಟ. ಉಳಿದ ಕಡೆ ಒಬ್ಬರ ಎಕ್ಸೆಲ್ಲು ಇನ್ನೊಬ್ಬರ ಲಾರ್ಜು, ಒಂದೇ ಅಂಗಡಿಯ ಎರಡು ಬ್ರ್ಯಾಂಡಿನ ಎಕ್ಸೆಲ್ ಮಧ್ಯೆ ಎದೇಲೇ ಮೂರ್ನಾಲ್ಕು ಇಂಚು ವ್ಯತ್ಯಾಸ ಬರೋದು ಮಾಮೂಲು. ಹಾಗಾಗಿ "ನನಗೆ ಎಕ್ಸೆಲ್ ಆಗಲ್ಲ" ಅನ್ನೋ ಮಾತಿಗೆ ಅರ್ಥ ಇಲ್ಲ, ಯಾವ ಎಕ್ಸೆಲ್ ಅಂತ ಕೇಳ್ಬೇಕು.

ಅಂಗಡಿಗೆ ಹೋಗೋ ಮುಂಚೆ ಮನೇಲಿ ಅರ್ಧ ಗಂಟೆ ಕೂತು ಮಾಡ್ಬೇಕಾದ ಕೆಲಸ ಒಂದಿದೆ. ಸರಿಯಾಗಿ ಕೂರೋ ಬ್ರಾ ಹಾಕ್ಕೊಂಡು, ಅದು ಬಹಳ ಮುಖ್ಯ, ಯಾಕಂದ್ರೆ ಹಳೇ ಸಡಿಲ ಬ್ರಾದಲ್ಲಿ ಎದೆ ಒಂದೆರಡು ಇಂಚು ಕೆಳಗೆ ಇಳಿದಿರುತ್ತೆ, ಆಗ ಶರ್ಟಿನ ಡಾರ್ಟ್ (ಮೈ ಆಕಾರಕ್ಕೆ ಕೂರೋ ಹಾಗೆ ಬಟ್ಟೆ ಮಡಚಿ ಹಾಕೋ ಹೊಲಿಗೆ) ಎಲ್ಲಾ ಬೇರೆ ಜಾಗದಲ್ಲಿ ಬೀಳುತ್ತೆ, ಟೇಪ್ ಹಿಡ್ಕೊಂಡು ಅಳತೆ ತಗೊಳಿ. ಎದೆ ಸೊಂಟ ಹಿಪ್ ನಿಮಗೆ ಆಗಲೇ ಗೊತ್ತಿದೆ. ಅದರ ಜೊತೆ ಇನ್ನು ನಾಲ್ಕು ಬೇಕು. ಒಂದು, ಬೆನ್ನಿನ ಕಡೆಯಿಂದ ಈ ಭುಜದ ಮೂಳೆ ತುದಿಯಿಂದ ಆ ಭುಜದ ತುದಿಗೆ. ಎರಡು, ತೋಳಿನ ಅತಿ ದಪ್ಪ ಜಾಗದ ಸುತ್ತಳತೆ, ಕೈ ಮಡಚಿ. ಮೂರು, ಕೂತ್ಕೊಂಡಾಗ ಹಿಪ್ ಎಷ್ಟಾಗುತ್ತೆ ಅನ್ನೋದು, ಇದನ್ನ ಯಾರೂ ತಗೊಳಲ್ಲ, ಆದ್ರೆ ಕೂತಾಗ ಹಿಪ್ಪು ಹೊಟ್ಟೆ ಎರಡೂ ಹರಡುತ್ತೆ, ನಿಂತಾಗ 50 ಇದ್ದವರಿಗೆ ಕೂತಾಗ 52ಕ್ಕೆ ಹೋಗೋದು ಸಹಜ, ಆಫೀಸಲ್ಲಿ ಕೂತೇ ಇರ್ತೀರಲ್ವಾ. ನಾಲ್ಕು, ಮುಂದೆ ಸೊಂಟದಿಂದ ಕಾಲಿನ ಮಧ್ಯೆ ಹಾದು ಹಿಂದೆ ಸೊಂಟದ ತನಕ ಒಟ್ಟು ಎಷ್ಟು ಅಂತ. ಫೋನಲ್ಲಿ ಬರೆದಿಟ್ಕೊಳಿ.

ದೊಡ್ಡ ಸೈಜ್ ಅಂದ ತಕ್ಷಣ ಎಲ್ಲರ ಮೈಯೂ ಒಂದೇ ಆಕಾರ ಅಂತ ಅಂದ್ಕೊಳೋದು ಬಟ್ಟೆ ಉದ್ಯಮದ ಹಳೇ ಚಾಳಿ. ನೂರು ವರ್ಷದ ಹಿಂದೇನೇ ಇದನ್ನ ಗಮನಿಸಿದವರು ಇದ್ರು. ನ್ಯೂಯಾರ್ಕಲ್ಲಿ 1904ರಲ್ಲಿ ಶುರುವಾಗಿ ಬಸುರಿ ಹೆಂಗಸರ ಬಟ್ಟೆಗೆ ಹೆಸರಾದ ಲೇನ್ ಬ್ರಯಂಟ್ ಅಂಗಡಿ ಇದ್ಯಲ್ಲ, ಅದನ್ನ ಕಟ್ಟಿದವರು ಲಿಥುವೇನಿಯಾದಿಂದ ವಲಸೆ ಬಂದಿದ್ದ ಲೆನಾ ಬ್ರಯಂಟ್, ಅವರ ಗಂಡ ಆಲ್ಬರ್ಟ್ ಮಾಲ್ಸಿನ್ ಓದಿದ್ದು ಎಂಜಿನಿಯರಿಂಗು. ಆತ ಅಂಗಡಿಗೆ ಬರೋ ಸುಮಾರು 4,500 ಗ್ರಾಹಕರ ಅಳತೆ ತಗೊಂಡು, ವಿಮಾ ಕಂಪನಿಯ ಅಂಕಿಅಂಶಾನೂ ಸೇರಿಸಿ ನೋಡಿದಾಗ ದಪ್ಪ ಮೈಯಲ್ಲೂ ಬೇರೆ ಬೇರೆ ಮಾದರಿ ಇದೆ ಅನ್ನೋದು ಕಂಡುಕೊಂಡ, ಅದರ ಮೇಲೇ ಅವರ ಪ್ಲಸ್ ಸೈಜ್ ವ್ಯಾಪಾರ ಬೆಳೀತು. ನಿಮ್ಮ 46-42-50 ಇದೆಯಲ್ಲ, ಅದೇ 46 ಎದೆಯ ಇನ್ನೊಬ್ಬರಿಗೆ ಹಿಪ್ 44 ಇರಬಹುದು, ಹೊಟ್ಟೆ 46 ಇರಬಹುದು, ಅವರಿಗೆ ಹೇಳಿ ಮಾಡಿಸಿದ ಹಾಗಿರೋ ಶರ್ಟು ನಿಮಗೆ ಹಿಪ್ ಹತ್ರ ಸಿಕ್ಕಿಹಾಕ್ಕೊಳುತ್ತೆ. ಫ್ರೆಂಡಿಗೆ ಆಗಿದ್ದು ನನಗೆ ಯಾಕೆ ಆಗಲ್ಲ ಅಂತ ಬೇಜಾರು ಮಾಡ್ಕೊಳೋಕೆ ಹೋಗಬೇಡಿ.

ಈಗ ಅಂಗಡಿಗೆ ಬನ್ನಿ. ಬ್ಯಾಗಲ್ಲಿ ಟೇಪ್ ಇರಲಿ. ಹ್ಯಾಂಗರಿಂದ ಶರ್ಟ್ ತೆಗೆದು, ಗುಂಡಿ ಎಲ್ಲಾ ಹಾಕಿ, ಯಾವುದಾದ್ರೂ ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿ. ಈ ಕಂಕುಳಿನ ಹೊಲಿಗೆಯಿಂದ ಆ ಕಂಕುಳಿನ ಹೊಲಿಗೆಗೆ ಟೇಪ್ ಹಿಡೀರಿ, ಬಂದ ನಂಬರನ್ನ ಎರಡರಿಂದ ಗುಣಿಸಿ, ಅದು ಶರ್ಟಿನ ಎದೆ. ಹಿಗ್ಗದೇ ಇರೋ ಬಟ್ಟೆ ಆದ್ರೆ ನಿಮ್ಮ ಮೈ ಅಳತೆಗಿಂತ ಮೂರರಿಂದ ನಾಲ್ಕು ಇಂಚು ಜಾಸ್ತಿ ಬೇಕು, ಅಂದ್ರೆ ನಿಮಗೆ 49 ರಿಂದ 50, ಟೇಬಲ್ ಮೇಲೆ 24 ಮುಕ್ಕಾಲು ಇಂಚಿನ ಆಸುಪಾಸು ಕಾಣ್ಬೇಕು. ಆಮೇಲೆ ಕಂಕುಳಿಂದ ಒಂದಿಂಚು ಕೆಳಗೆ ತೋಳಿನ ಅಗಲ ಅಳೆದು ಎರಡರಿಂದ ಗುಣಿಸಿ, ನಿಮ್ಮ ತೋಳಿಗಿಂತ ಎರಡಿಂಚಾದ್ರೂ ಜಾಸ್ತಿ ಇರಲಿ. ಕೊನೆಗೆ ಶರ್ಟಿನ ಕೆಳ ಅಂಚು ನಿಮ್ಮ ಹಿಪ್ ಮೇಲೆ ಬರೋ ಹಾಗಿದ್ರೆ ಅಲ್ಲಿ 52 ಆದ್ರೂ ಬೇಕು, ಇಲ್ಲ ಪಕ್ಕದಲ್ಲಿ ಸೀಳು ಇರಬೇಕು. ಇಷ್ಟಕ್ಕೆ ಎರಡು ನಿಮಿಷ ಸಾಕು, ಹತ್ತು ಶರ್ಟ್ ಹೊತ್ಕೊಂಡು ಟ್ರಯಲ್ ರೂಮಿಗೆ ಹೋಗಿ ಹತ್ತೂ ಆಗದೇ ಮನಸ್ಸು ಕೆಡಿಸ್ಕೊಳೋ ಬದಲು, ಆಗೋ ಸಾಧ್ಯತೆ ಇರೋ ಮೂರನ್ನ ಮಾತ್ರ ಒಳಗೆ ತಗೊಂಡು ಹೋಗ್ತೀರಿ. ನನ್ನ ಪ್ರಕಾರ ಈ ಒಂದು ಅಭ್ಯಾಸದಿಂದ ಆಗೋ ಲಾಭ ಉಳಿದೆಲ್ಲ ಟ್ರಿಕ್‌ಗಳಿಗಿಂತ ದೊಡ್ಡದು, ಕಣ್ಣಲ್ಲಿ ನೀರು ಬರೋದು ತಪ್ಪುತ್ತೆ. ಹೀಗೆ ಅಳೀವಾಗ ಮೀಡಿಯಂ ಲಾರ್ಜ್ ಅಂತ ಬರೆದಿರೋದನ್ನೂ ಬಿಡಬೇಡಿ. ಓವರ್‌ಸೈಜ್ಡ್, ರಿಲ್ಯಾಕ್ಸ್ಡ್, ಬಾಯ್‌ಫ್ರೆಂಡ್ ಫಿಟ್ ಅಂತ ಬರೋ ಲಾರ್ಜು, ಸ್ಲಿಮ್ ಫಿಟ್ಟಿನ ಡಬಲ್ ಎಕ್ಸೆಲ್ಲಿಗಿಂತ ಅಗಲ ಇರೋದು ಎಷ್ಟೋ ಸಲ ನೋಡಿದೀನಿ.

ಬಟ್ಟೆ ಹಿಗ್ಗುತ್ತಾ ಅನ್ನೋದು ಇದಕ್ಕೆ ಜೋಡಿ ಪ್ರಶ್ನೆ. ಒಳಗಿನ ಲೇಬಲ್ ನೋಡಿ, ಎಲಾಸ್ಟೇನ್ ಅಥವಾ ಸ್ಪ್ಯಾಂಡೆಕ್ಸ್ ಅಂತ ಎರಡರಿಂದ ಐದು ಪರ್ಸೆಂಟ್ ಇದ್ರೆ ಸ್ವಲ್ಪ ಕೊಡುತ್ತೆ, ಆದ್ರೆ ಲೇಬಲ್ ನಂಬೋಕಿಂತ ಕೈಯಲ್ಲಿ ಎಳೆದು ನೋಡೋದು ವಾಸಿ. ಬಟ್ಟೇನ ಅಡ್ಡಕ್ಕೆ ಮಡಚಿ, ಮಡಿಕೆ ಮೇಲೆ ಹತ್ತು ಸೆಂಟಿಮೀಟರ್ ಹಿಡ್ಕೊಂಡು, ಜೋರು ಮಾಡದೇ ಎಳೀರಿ, ಹದಿಮೂರಕ್ಕೆ ಆರಾಮಾಗಿ ಹೋಗಿ ಬಿಟ್ಟ ತಕ್ಷಣ ಹತ್ತಕ್ಕೇ ವಾಪಸ್ ಬಂದ್ರೆ ಅದು ಒಳ್ಳೆ ಬಟ್ಟೆ. ಹೋಗುತ್ತೆ ಆದ್ರೆ ವಾಪಸ್ ಬರದೇ ಅಲೆ ಅಲೆ ಆಗಿ ನಿಂತ್ರೆ ಬಿಟ್ಬಿಡಿ, ಮಧ್ಯಾಹ್ನದ ಹೊತ್ತಿಗೆ ಮಂಡಿ ಹತ್ರ ಮೊಣಕೈ ಹತ್ರ ಉಬ್ಬಿರುತ್ತೆ. ಹೆಣೆದ ಬಟ್ಟೆ, ಅಂದ್ರೆ ಟೀಶರ್ಟ್ ಥರದ ಜರ್ಸಿ, ಪಾಂಟೆ ಅಂತ ಬರೋ ದಪ್ಪ ಜರ್ಸಿ, ಇವು ಎಲಾಸ್ಟೇನ್ ಇಲ್ಲದಿದ್ರೂ ಹಿಗ್ಗುತ್ತೆ. ಅದರಲ್ಲೂ ಪಾಂಟೆ ಬಟ್ಟೆ ನಿಮ್ಮಂಥ ಆಫೀಸ್ ಅಗತ್ಯಕ್ಕೆ ಬಹಳ ಒಳ್ಳೇದು, ದಪ್ಪ ಇರೋದ್ರಿಂದ ಮೈಗೆ ಅಂಟ್ಕೊಳಲ್ಲ, ನೋಡೋಕೆ ಫಾರ್ಮಲ್ ಕಾಣುತ್ತೆ, ಆದ್ರೂ ಕೂತಾಗ ಜೊತೆಗೆ ಹಿಗ್ಗುತ್ತೆ. ಜರ್ಸಿ ಟಾಪಿಗೆ ಎದೇಲಿ ನಿಮ್ಮ ಅಳತೆಯಷ್ಟೇ ಇದ್ರೂ ನಡೆಯುತ್ತೆ, ಎರಡಿಂಚು ಕಮ್ಮಿ ಇದ್ರೂ ಕೆಲವು ಸಲ ನಡೆಯುತ್ತೆ, ಅದೇ ಕಾರಣಕ್ಕೆ ಎಕ್ಸೆಲ್‌ಗೆ ಮುಗಿಯೋ ಅಂಗಡೀಲಿ ಮೊದ್ಲು ಹೆಣೆದ ಬಟ್ಟೆ ಇರೋ ಕಡೆ ಹೋಗಿ, ಪಾಪ್ಲಿನ್ (ಹಿಗ್ಗದ ನೇಯ್ದ ಬಟ್ಟೆ) ಶರ್ಟಿನ ರ‍್ಯಾಕಿಗೆ ಆಮೇಲೆ.

ಕಟಿಂಗ್ ವಿಷಯ. ನಿಮಗೆ ಭುಜ ಸಣ್ಣ, ಎದೆ ತೋಳು ತುಂಬಿರೋದು ಅಂತ ಗೊತ್ತಾಯ್ತು, ಹಾಗಾದ್ರೆ ಭುಜದ ಹೊಲಿಗೆ ಇಲ್ಲೇ ಕೂರಬೇಕು ಅನ್ನೋ ಹಟ ಇಲ್ಲದ ಬಟ್ಟೆ ನಿಮಗೆ ಬೇಕು. ಕತ್ತಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಬರೋ ರ‍್ಯಾಗ್ಲಾನ್ ತೋಳು, ಮೈ ತೋಳು ಒಂದೇ ತುಂಡಲ್ಲಿ ಬರೋ ಡಾಲ್ಮನ್ ತೋಳು, ಬೇಕಂತಲೇ ಭುಜ ಇಳಿಸಿರೋ ಡ್ರಾಪ್ ಶೋಲ್ಡರ್, ಇವುಗಳಲ್ಲಿ ದೊಡ್ಡ ಸೈಜ್ ತಗೊಂಡ್ರೂ ಭುಜ ಜೋತು ಬಿದ್ದ ಹಾಗೆ ಕಾಣಲ್ಲ, ಕಂಕುಳ ಹತ್ರ ತೋಳಿಗೆ ಬೇಕಾದಷ್ಟು ಜಾಗ ಸಿಗುತ್ತೆ. ರ‍್ಯಾಪ್ ಟಾಪು ರ‍್ಯಾಪ್ ಡ್ರೆಸ್ಸು ಎದೆ ಮೇಲೆ ಹಾದು ಕಟ್ಟೋದ್ರಿಂದ ಎದೆಗೆ ತಕ್ಕ ಹಾಗೆ ತಾನೇ ಹೊಂದ್ಕೊಳುತ್ತೆ, ಒಳಗೊಂದು ಸಣ್ಣ ಹುಕ್ಕು ಅಥವಾ ಪ್ರೆಸ್ ಬಟನ್ ಹಾಕಿಸಿಬಿಟ್ರೆ ಬಿಚ್ಕೊಳೋ ಭಯವೂ ಇಲ್ಲ. ಯೋಕ್, ಅಂದ್ರೆ ಭುಜದ ಮೇಲೆ ಬರೋ ಬೇರೆ ತುಂಡು, ಅದರ ಕೆಳಗೆ ನೆರಿಗೆ ಬಂದಿರೋ ಟಾಪು ಕೂಡ ಚೆನ್ನಾಗಿರುತ್ತೆ, ಭುಜ ಸಣ್ಣದಾಗಿದ್ದು ಎದೆ ಕಡೆ ಅಗಲ ತೆರ್ಕೊಳುತ್ತೆ. ಇವುಗಳಿಗೆ ವಿರುದ್ಧವಾಗಿ, ಸೈಜ್ ಕಮ್ಮಿ ಇರೋ ಅಂಗಡೀಲಿ ನೀವು ಮುಟ್ಟೋದೇ ಬೇಡ ಅನ್ನೋದು ಹಿಗ್ಗದ ಬಟ್ಟೆಯ, ತೋಳು ಬಿಗಿಯಾಗಿ ಕೂರಿಸಿರೋ, ಸೊಂಟಕ್ಕೆ ಡಾರ್ಟ್ ಹಿಡಿದಿರೋ ಫಾರ್ಮಲ್ ಶರ್ಟ್. ಅದಕ್ಕೆ ಎಲ್ಲಾ ಕಡೆಯೂ ಒಂದೇ ಸಲ ಸರಿ ಬರಬೇಕು, ಆ ಶರ್ಟು ನಿಮ್ಮ ಅಳತೆಗೆ ಹೊಲಿಸಿದ್ರೆ ಮಾತ್ರ ಚೆನ್ನ.

ಇದಕ್ಕೂ ದೊಡ್ಡ ಅನುಕೂಲ ಇರೋದು ಮುಂದೆ ತೆರೆದೇ ಹಾಕೋ ಬಟ್ಟೇಲಿ. ಬ್ಲೇಜರು, ಉದ್ದ ವೇಸ್ಟ್‌ಕೋಟು, ಮೆತ್ತನೆ ಜಾಕೆಟ್ಟು, ಕಾರ್ಡಿಗನ್ನು, ಇವುಗಳ ಗುಂಡಿ ಹಾಕಲೇಬೇಕು ಅಂತ ಏನಿಲ್ಲವಲ್ಲ, ಗುಂಡಿ ಹಾಕದೇ ಇದ್ರೆ ಎದೆ ಅಳತೆ ಲೆಕ್ಕಕ್ಕೇ ಬರಲ್ಲ. ಆಗ ನೋಡಬೇಕಾದ್ದು ಭುಜ, ತೋಳಿನ ಮೇಲ್ಭಾಗ, ಬೆನ್ನು, ಇಷ್ಟೇ. ನಿಮ್ಮ ಭುಜಕ್ಕೆ ಎಕ್ಸೆಲ್ಲೇ ಸರಿಹೋಗಬಹುದು, ಕೆಲವು ಕಡೆ ಲಾರ್ಜು ಕೂಡ. ಒಳಗೊಂದು ಒಳ್ಳೆ ಜರ್ಸಿ ಟಾಪು, ಮೇಲೆ ಭುಜಕ್ಕೆ ಕರೆಕ್ಟಾಗಿ ಕೂತಿರೋ ತೆರೆದ ಬ್ಲೇಜರು, ಇಷ್ಟಾದ್ರೆ ಆಫೀಸಿನ ಮೊದಲ ವಾರ ಸುಲಭವಾಗಿ ಕಳೆಯುತ್ತೆ. ನೋಡೋರ ಕಣ್ಣು ಮೊದ್ಲು ಹೋಗೋದು ಭುಜಕ್ಕೆ, ಭುಜ ಸರಿ ಕೂತಿದ್ರೆ ಉಳಿದಿದ್ದು ಸಡಿಲ ಇದ್ರೂ ಬಟ್ಟೆ ನಿಮ್ಮದೇ ಅನ್ನಿಸುತ್ತೆ.

ಗಂಡಸರ ಸೆಕ್ಷನ್‌ಗೆ ಹೋಗಿ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ನಿಜ. ಅಲ್ಲಿ ಸೈಜ್ ಜಾಸ್ತಿ ಸಿಗುತ್ತೆ, ಸ್ವೆಟರು, ಪೋಲೋ, ಟೀಶರ್ಟು, ಸ್ವೆಟ್‌ಶರ್ಟು, ಮಳೆ ಜಾಕೆಟ್ಟು ಇವಕ್ಕೆಲ್ಲ ಧಾರಾಳವಾಗಿ ಹೋಗಿ. ಆದ್ರೆ ಕಾಲರ್ ಇರೋ ಫಾರ್ಮಲ್ ಶರ್ಟಿಗೆ ನಿಮಗೆ ನಾನು ಅದನ್ನ ಹೇಳಲ್ಲ, ಗಂಡಸರ ಶರ್ಟಲ್ಲಿ ಭುಜ ಇನ್ನೂ ಅಗಲ, ಎದೆಗೆ ಡಾರ್ಟ್ ಇರಲ್ಲ, ಕೆಳಗೆ ಹಿಪ್ ಹತ್ರ ಹೆಚ್ಚುಕಮ್ಮಿ ಎದೆಯಷ್ಟೇ ಅಗಲ, ನಿಮ್ಮದು ಎದೆಗಿಂತ ಹಿಪ್ ನಾಲ್ಕಿಂಚು ಜಾಸ್ತಿ, ಹಾಗಾಗಿ ಕೊನೇ ಎರಡು ಗುಂಡಿ ಹಾಕೋಕಾಗಲ್ಲ. ಆಗಲೇ ಒಂದು ಇಷ್ಟ ಆಗಿದ್ರೆ ಪಕ್ಕದ ಹೊಲಿಗೆ ಕೆಳಗಿಂದ ಐದಾರು ಇಂಚು ಬಿಚ್ಚಿಸಿ ಸೀಳು ಮಾಡಿಸಿ, ಒಳಗೊಂದು ಟಾಪ್ ಹಾಕಿ ಮೇಲೆ ಜಾಕೆಟ್ ಥರ ತೆರೆದು ಹಾಕ್ಕೊಳಿ.

ಪ್ಯಾಂಟಿಗೆ ಒಂದೇ ನಿಯಮ, ಹಿಪ್ಪಿಗೆ ತಗೊಳಿ, ಸೊಂಟ ಆಮೇಲೆ ಹಿಡಿಸಿ. ಸೊಂಟಕ್ಕೆ ಸರಿ ಇರೋದನ್ನ ಹುಡುಕ್ತಾ ಹೋದ್ರೆ ತೊಡೆಯಲ್ಲಿ ಸಿಕ್ಕಿಹಾಕ್ಕೊಳುತ್ತೆ, ತೊಡೆ ಹಿಗ್ಗಿಸೋದು ಟೈಲರಿಗೂ ಬಹಳ ಕಷ್ಟ, ಸೊಂಟ ಒಳಗೆ ಹಿಡಿಯೋದು ಮಾತ್ರ ದಿನನಿತ್ಯದ ಕೆಲಸ. ಹಿಂದೆ ಎಲಾಸ್ಟಿಕ್ ಇದ್ದು ಮುಂದೆ ಪಟ್ಟಿ ಚಪ್ಪಟೆ ಇರೋ ಪ್ಯಾಂಟ್ ಸಿಕ್ಕಿದ್ರೆ ಕಣ್ಮುಚ್ಚಿ ತಗೊಳಿ, ಟಾಪ್ ಮೇಲೆ ಬಿದ್ದಾಗ ಎಲಾಸ್ಟಿಕ್ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಮುಂದೆ ಹಿಂದೆ ಸೇರಿಸಿ ತಗೊಂಡ ಅಳತೆ ಇದ್ಯಲ್ಲ, ಅದನ್ನ ಇಲ್ಲಿ ಬಳಸಿ, ಪ್ಯಾಂಟಿನ ಮುಂದಿನ ಪಟ್ಟಿಯಿಂದ ಕಾಲಿನ ಕೂಡು ಹೊಲಿಗೆ ಮೂಲಕ ಹಿಂದಿನ ಪಟ್ಟಿಗೆ ಅಳೆದು ಹೋಲಿಸಿ. ಅದು ಕಮ್ಮಿ ಇದ್ರೆ ಸೈಜ್ ಎಷ್ಟೇ ದೊಡ್ಡದಿದ್ದರೂ ಕೂತಾಗ ಹಿಂದೆ ಜಾರುತ್ತೆ, ಅದಕ್ಕೇ ಹೈ ರೈಸ್, ಅಂದ್ರೆ ಪಟ್ಟಿ ಮೇಲೆ ಸೊಂಟದ ತನಕ ಬರೋ ಪ್ಯಾಂಟ್ ನೋಡಿ. ತೊಡೆ ಉಜ್ಜೋ ಜಾಗದಲ್ಲಿ ಬಟ್ಟೆ ಬೇಗ ಸವೆಯುತ್ತೆ, ಹೊಸದಿರುವಾಗಲೇ ಒಳಗಡೆ ಒಂದು ತೆಳು ಬಟ್ಟೆ ತುಂಡು ಕೊಟ್ಟು ಹೊಲಿಸಿಬಿಡಿ, ಬಾಳಿಕೆ ಎಷ್ಟೋ ಹೆಚ್ಚುತ್ತೆ.

ಟ್ರಯಲ್ ರೂಮಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದ್ರೆ ಏನೂ ಗೊತ್ತಾಗಲ್ಲ. ಕೂತ್ಕೊಳಿ, ಸ್ಟೂಲ್ ಇಲ್ದಿದ್ರೆ ಕೇಳಿ ತರಿಸ್ಕೊಳಿ. ಕೀಬೋರ್ಡ್ ಮೇಲೆ ಕೈ ಇಡೋ ಹಾಗೆ ಎರಡೂ ಕೈ ಮುಂದೆ ಚಾಚಿ, ಮೇಲಿನ ಶೆಲ್ಫಿಂದ ಫೈಲ್ ತೆಗೆಯೋ ಹಾಗೆ ಕೈ ಎತ್ತಿ. ಆಮೇಲೆ ಸುಕ್ಕು ನೋಡಿ, ಸುಕ್ಕು ಯಾವಾಗಲೂ ಬಿಗಿ ಇರೋ ಜಾಗಕ್ಕೇ ಬೆರಳು ಮಾಡುತ್ತೆ. ಗುಂಡಿಯ ಎರಡೂ ಕಡೆ ಅಡ್ಡಡ್ಡ ಗೆರೆ ಎಳೆದಿದ್ರೆ ಎದೆಗೆ ಬಟ್ಟೆ ಸಾಲದು. ಕಂಕುಳಿಂದ ಎದೆ ಕಡೆಗೆ ಓರೆ ಗೆರೆ ಬಂದ್ರೆ ಅದೂ ಎದೆಯದ್ದೇ ತೊಂದರೆ. ಪ್ಯಾಂಟಲ್ಲಿ ಕಾಲು ಕೂಡೋ ಜಾಗದಿಂದ ಎರಡೂ ಕಡೆ ಮೇಲಕ್ಕೆ ಮೀಸೆ ಥರ ಗೆರೆ ಹೋಗಿದ್ರೆ ಮುಂದಿನಿಂದ ಹಿಂದಕ್ಕೆ ಹಾದುಹೋಗೋ ಉದ್ದ ಸಾಲದು. ಬೆನ್ನಲ್ಲಿ ಸೊಂಟದ ಮೇಲೆ ಅಡ್ಡಕ್ಕೆ ಬಟ್ಟೆ ಮುದುರಿ ಕೂತಿದ್ರೆ ಕೆಳಗೆ ಹಿಪ್ಪು ಬಿಗಿಯಾಗಿದೆ, ಅದಕ್ಕೇ ಬಟ್ಟೆ ಮೇಲೆ ಹತ್ತಿದೆ ಅಂತ ಅರ್ಥ, ಬೆನ್ನಲ್ಲಿ ಬಟ್ಟೆ ಜಾಸ್ತಿ ಇದೆ ಅಂತಲ್ಲ. ಇದನ್ನ ಎಷ್ಟೋ ಟೈಲರುಗಳೂ ತಪ್ಪು ತಿಳಿದು ಬೆನ್ನು ಹಿಡಿದುಬಿಡ್ತಾರೆ, ಆಮೇಲೆ ಇನ್ನೂ ಕೆಡುತ್ತೆ.

ಅಂಗಡಿಯವರ ಜೊತೆ ಮಾತಾಡೋಕೆ ಸಂಕೋಚ ಪಡಬೇಡಿ. ಬಟ್ಟೆ ಅಂಗಡಿಗೆ ಬರೋದು ಸೈಜಿನ ಅನುಪಾತದ ಮೇಲೆ, ಮಧ್ಯದ ಸೈಜ್ ಹೆಚ್ಚು, ತುದಿಯ ಸೈಜ್ ಒಂದೋ ಎರಡೋ. ಹಾಗಾಗಿ ನಿಮ್ಮ ಸೈಜು ಅಂಗಡೀಲಿ ಇರಲೇ ಇಲ್ಲ ಅನ್ನೋದಕ್ಕಿಂತ ಬಂದ ಎರಡು ದಿನಕ್ಕೇ ಖಾಲಿ ಆಗಿರೋ ಸಾಧ್ಯತೆ ಇರುತ್ತೆ. ಹೊಸ ಸ್ಟಾಕ್ ವಾರದಲ್ಲಿ ಯಾವ ದಿನ ಬರುತ್ತೆ ಅಂತ ನೇರವಾಗಿ ಕೇಳಿ, ಆ ದಿನವೇ ಹೋಗಿ. ಇದೇ ಮಾಡೆಲ್ ದೊಡ್ಡ ಸೈಜಲ್ಲಿ ಬೇರೆ ಬ್ರಾಂಚಲ್ಲಿ ಅಥವಾ ಅವರ ವೆಬ್‌ಸೈಟಲ್ಲಿ ಇದ್ಯಾ, ಇಲ್ಲಿಗೇ ತರಿಸಿಕೊಟ್ರೆ ಹಾಕಿ ನೋಡಿ ತಗೋತೀನಿ ಅಂತ ಕೇಳಿ, ತುಂಬಾ ಕಂಪನಿಗಳು ದೊಡ್ಡ ಸೈಜನ್ನ ಮಾಡ್ತಾವೆ, ಆದ್ರೆ ಅಂಗಡೀಲಿ ಇಡಲ್ಲ. ಕೇಳಿದವರು ಯಾರೂ ಇಲ್ಲ ಅಂದ್ರೆ ಅವರು ತರಿಸೋದೂ ಇಲ್ಲ, ಅದಕ್ಕೆ ನೀವು ಕೇಳಿದ್ದು ನಿಮ್ಮ ಹಿಂದೆ ಬರೋ ಹೆಂಗಸಿಗೂ ಒಳ್ಳೇದೇ. ಯಾರಾದ್ರೂ "ನಿಮ್ಮ ಸೈಜ್ ಬರಲ್ಲ" ಅಂತ ಮೇಲಿಂದ ಕೆಳಗೆ ನೋಡಿ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಮಾತಿಗೆ ಮಾತು ಬೆಳೆಸೋದೂ ಬೇಡ, ಆ ಮಾತನ್ನ ಮನೆಗೆ ಹೊತ್ಕೊಂಡು ಬರೋದೂ ಬೇಡ.

ಆಲ್ಟರೇಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಕೆಲಸ ನಿಜವಾಗ್ಲೂ ಆಗೋದು ಇಲ್ಲೇ. ಕಮ್ಮಿ ಮಾಡೋದು ಸುಲಭ, ಜಾಸ್ತಿ ಮಾಡೋದು ಕಷ್ಟ, ಭುಜ ಎತ್ತೋದು ಎಲ್ಲಕ್ಕಿಂತ ತಲೆನೋವು. ರೆಡಿಮೇಡ್ ಬಟ್ಟೆಯ ಒಳಗೆ ತಿರುಗಿಸಿ ನೋಡಿ, ಹೊಲಿಗೆ ಪಕ್ಕ ಅರ್ಧ ಇಂಚೂ ಬಿಡದೇ ಓವರ್‌ಲಾಕ್ ಮಾಡಿ ಕತ್ತರಿಸಿರ್ತಾರೆ, ಅಂಥದ್ರಲ್ಲಿ ಬಿಡಿಸೋಕೆ ಬಟ್ಟೇನೇ ಇರಲ್ಲ. ಮಾರ್ಜಿನ್ ಇದ್ರೂ ಸಿಲ್ಕು ಸ್ಯಾಟಿನ್ ಥರದ ಬಟ್ಟೇಲಿ ಹಳೇ ಹೊಲಿಗೆಯ ತೂತು ಕಾಣುತ್ತೆ. ಆದ್ರೆ ಬಿಡಿಸೋಕೆ ಆಗದಿದ್ರೆ ಸೇರಿಸೋಕೆ ಆಗುತ್ತಲ್ಲ. ಒಂದು ಶರ್ಟು ತಗೊಳಿ, ಭುಜ ಸರಿಯಾಗಿ ಕೂತಿದೆ, ಎದೆ 47 ಇದೆ, ನಿಮಗೆ 50 ಬೇಕು, ತೋಳೂ ಬಿಗಿ. ಪಕ್ಕದ ಹೊಲಿಗೇನ ಕೆಳಗಿನ ಅಂಚಿಂದ ಕಂಕುಳ ತನಕ, ಅಲ್ಲಿಂದ ತೋಳಿನ ಕೆಳ ಹೊಲಿಗೆ ಹಿಡ್ಕೊಂಡು ತೋಳಿನ ತುದಿ ತನಕ ಪೂರ್ತಿ ಬಿಚ್ಚಿಸಿ, ಅಲ್ಲಿ ಉದ್ದಕ್ಕೂ ಒಂದು ಪಟ್ಟಿ ಕೂರಿಸಬೇಕು. ಹೊಲಿದ ಮೇಲೆ ಒಂದೊಂದು ಕಡೆ ಒಂದೂವರೆ ಇಂಚು ಕಾಣೋ ಹಾಗೆ, ಅಂದ್ರೆ ಎರಡೂ ಅಂಚಿಗೆ ಅರ್ಧರ್ಧ ಇಂಚು ಹೊಲಿಗೆಗೆ ಬಿಟ್ಟು ಎರಡೂವರೆ ಇಂಚು ಅಗಲ ಕತ್ತರಿಸಬೇಕು. ಎರಡೂ ಕಡೆ ಸೇರಿ ಎದೆಗೆ ಮೂರಿಂಚು ಬಂತು, ತೋಳಿಗೂ ಒಂದೊಂದಕ್ಕೆ ಒಂದೂವರೆ ಇಂಚು ಬಂತು, ಭುಜ ಮಾತ್ರ ಇದ್ದ ಹಾಗೇ ಇದೆ. ಹಿಪ್ ಹತ್ರ ಇನ್ನೂ ಬೇಕು ಅಂದ್ರೆ ಪಟ್ಟೀನ ಕೆಳಗೆ ಹೋಗ್ತಾ ಅಗಲ ಮಾಡ್ತಾ ಹೋಗ್ಬೇಕು. ಬಟ್ಟೆ ಎಲ್ಲಿಂದ ತರೋದು ಅಂದ್ರೆ ಅದೇ ಶರ್ಟ್ ಇನ್ನೊಂದು ತಗೊಂಡು ಅದರಿಂದ ಕತ್ತರಿಸಬಹುದು, ಇಲ್ಲಾಂದ್ರೆ ಅದೇ ಬಣ್ಣದ ಹಿಗ್ಗೋ ರಿಬ್ ಬಟ್ಟೆ ಹಾಕಿಸಿ, ಕೈ ಕೆಳಗಿರೋವಾಗ ಅದು ಕಾಣಲ್ಲ, ಕೈ ಎತ್ತಿದ್ರೆ ಡಿಸೈನ್ ಅನ್ನಿಸುತ್ತೆ. ತೋಳು ಮಾತ್ರ ಬಿಗಿ ಇದ್ದು ಎದೆ ಸರಿ ಇದ್ರೆ ಅಷ್ಟೆಲ್ಲಾ ಬೇಡ, ಕಂಕುಳಿಗೆ ವಜ್ರದಾಕಾರದ ಒಂದು ತುಂಡು ಕೊಡ್ಸಿದ್ರೆ ಸಾಕು.

ಗುಂಡಿ ಮಧ್ಯೆ ಬಾಯಿ ಬಿಡೋ ತೊಂದರೆಗೆ ಎಲ್ಲಾ ಸಲವೂ ಸೈಜ್ ಕಾರಣ ಅಲ್ಲ, ಎದೆಯ ಅತಿ ಎತ್ತರದ ಜಾಗದಲ್ಲಿ ಗುಂಡಿ ಇರದೇ ಎರಡು ಗುಂಡಿಗಳ ಮಧ್ಯದ ಜಾಗ ಅಲ್ಲಿಗೆ ಬಂದ್ರೂ ಹಾಗಾಗುತ್ತೆ. ಅಲ್ಲಿ ಒಳಗಡೆ ಕಾಣದ ಹಾಗೆ ಒಂದು ಪ್ರೆಸ್ ಬಟನ್ ಹಾಕಿಸಿ, ಮುಗೀತು. ಹೊಸ ಕಾಜಾ ಮಾಡಿಸೋ ರಗಳೆ ಬೇಡ.

ಇನ್ನು ಕೆಲವು ಚಿಕ್ಕ ಮಾತು. ಫ್ರೀ ಸೈಜ್ ಅಂತ ಬರೆದಿದ್ರೆ ಅಳೆಯದೇ ಮುಟ್ಟಬೇಡಿ. ಗರ್ಭಿಣಿಯರ ಬಟ್ಟೆ ತಗೊಳಿ ಅಂತ ಸಲಹೆ ಕೊಡೋರು ಇರ್ತಾರೆ, ಅದರಲ್ಲಿ ಜಾಗ ಇಟ್ಟಿರೋದು ಮುಂದೆ ಹೊಟ್ಟೆಗೆ, ತೋಳು ಬೆನ್ನು ಭುಜ ಮಾಮೂಲಿ ಸೈಜಿನದ್ದೇ, ನಿಮ್ಮ ಸಮಸ್ಯೆಗೆ ಅದು ಉತ್ತರ ಅಲ್ಲ. ಒಳಗೆ ಬಿಗಿ ಶೇಪ್‌ವೇರ್ ಹಾಕ್ಕೊಂಡು ಸಣ್ಣ ಶರ್ಟಿಗೆ ಮೈ ತೂರಿಸೋದೂ ಬೇಡ, ಎಂಟು ಗಂಟೆ ಕೂತು ಕೆಲಸ ಮಾಡೋರಿಗೆ ಅದು ಹಿಂಸೆ, ಬಟ್ಟೆ ಮೈಗೆ ಹೊಂದಬೇಕು. ಆನ್‌ಲೈನಲ್ಲಿ ತರಿಸೋದಾದ್ರೆ ಸೈಜ್ ಚಾರ್ಟಲ್ಲಿ ಕೊಟ್ಟಿರೋದು ಮೈ ಅಳತೆನಾ ಬಟ್ಟೆ ಅಳತೆನಾ ಅಂತ ಮೊದ್ಲು ನೋಡಿ, ನಿಮಗೆ ವಾಪಸ್ ಕಳಿಸಿ ಸಾಕಾಗಿರೋದಕ್ಕೆ ಇದೇ ಕಾರಣ ಇರಬಹುದು, 46 ಅಂತ ಬಟ್ಟೆ ಅಳತೆ ಕೊಟ್ಟಿದ್ರೆ ಅದು ನಿಮ್ಮ 46ಕ್ಕೆ ಆಗಲ್ಲ. ಕೊಂಡವರು ಹಾಕಿರೋ ಫೋಟೋ ಇದ್ರೆ ಕಂಪನಿ ಫೋಟೋಗಿಂತ ಅದನ್ನ ನಂಬಿ.

ನಿಮ್ಮ ಒಂದು ತಿಂಗಳಿಗೆ ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಮೊದಲ ವಾರ ಹಿಪ್ಪಿಗೆ ಸರಿಯಾದ ಹೈ ರೈಸ್ ಪ್ಯಾಂಟ್ ಎರಡು, ಒಂದು ಕಪ್ಪು ಒಂದು ಕಡು ನೀಲಿ, ಒಂದಾದ್ರೂ ಪಾಂಟೆ ಬಟ್ಟೇದು ಇರಲಿ. ಜೊತೆಗೆ ಜರ್ಸಿ ಟಾಪ್ ಮೂರು, ಭುಜಕ್ಕೆ ಕೂರೋ ತೆರೆದ ಬ್ಲೇಜರ್ ಒಂದು. ಎರಡನೇ ವಾರ ಇದನ್ನೆಲ್ಲ ಒಂದು ಸಲ ಒಗೆದು ಒಣಗಿಸಿಬಿಡಿ, ಬ್ಲೇಜರ್ ಬಿಟ್ಟು. ಹತ್ತಿ ಮತ್ತು ವಿಸ್ಕೋಸ್ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ, ಮುಂಚೇನೇ ಹಿಡಿಸಿಬಿಟ್ರೆ ಆಮೇಲೆ ಬಿಗಿ ಆಗುತ್ತೆ. ಒಗೆದ ಮೇಲೆ ಟೈಲರ್ ಹತ್ರ ಹೋಗಿ, ಆಫೀಸಿಗೆ ಹಾಕೋ ಚಪ್ಪಲಿ ಅಥವಾ ಶೂ, ಆಫೀಸಿಗೆ ಹಾಕೋ ಬ್ರಾ ಎರಡೂ ಹಾಕ್ಕೊಂಡೇ ಹೋಗಿ, ಪ್ಯಾಂಟಿನ ಉದ್ದವೂ ಎದೆಯ ಡಾರ್ಟೂ ಅವುಗಳ ಮೇಲೇ ನಿಂತಿರೋದು. ಮೊದ್ಲು ಒಂದು ಪ್ಯಾಂಟು ಒಂದು ಟಾಪು ಮಾತ್ರ ಕೊಡಿ, ಅವರ ಕೈ ಹೇಗಿದೆ ನೋಡಿ, ಸರಿ ಬಂದ್ರೆ ಉಳಿದಿದ್ದು ಕೊಡಿ. ಗುಂಡಿ ಶರ್ಟೇ ಬೇಕು ಅಂತ ಆಸೆ ಇದ್ರೆ ಅದೊಂದನ್ನ ಅದೇ ಟೈಲರ್ ಹತ್ರ ಅಳತೆ ಕೊಟ್ಟು ಹೊಲಿಸಿ, ಕತ್ತರಿಸೋ ಮುಂಚೆ ಪಕ್ಕದ ಹೊಲಿಗೆಗೆ ಒಂದೊಂದು ಇಂಚು ಮಾರ್ಜಿನ್ ಬಿಡಿ ಅಂತ ಹೇಳೋದು ಮರೀಬೇಡಿ.